ಕೊಡಗಿನಲ್ಲಿ ಕೌಟುಂಬಿಕ ದೌರ್ಜನ್ಯ, ಆಶ್ರಯ ಕೇಂದ್ರ, ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕ್ಷಣವೇ ಅಪಾಯವಿದ್ದರೆ ಇದನ್ನು ಓದುತ್ತ ಕೂರಬೇಡಿ, 112ಕ್ಕೆ ಕರೆ ಮಾಡಿ. ಮಾತಾಡಿ ದಾರಿ ಕೇಳಲು ಮಹಿಳಾ ಸಹಾಯವಾಣಿ 181, ಮಕ್ಕಳ ವಿಷಯಕ್ಕೆ 1098, ಉಚಿತ ವಕೀಲರಿಗೆ 15100. ಮಾತು ಮುಗಿದ ಮೇಲೆ ಫೋನಿನ ಕರೆಪಟ್ಟಿಯಿಂದ ಆ ನಂಬರನ್ನು ಅಳಿಸಿಬಿಡಿ.

ಗಂಡನ ಕೈಯಲ್ಲಿ ಹೊಡೆತ ತಿನ್ನುವ ಹೆಂಗಸರು ನಿಜಕ್ಕೂ ಎಷ್ಟು ಜನ?

ನಾವು ಅಂದುಕೊಂಡಿರುವುದಕ್ಕಿಂತ ತುಂಬಾ ಹೆಚ್ಚು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಂಗಸರನ್ನು ಕೇಳಿದಾಗ ದೇಶದ ಮಟ್ಟದಲ್ಲಿ ಶೇ. 29.3ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಕರ್ನಾಟಕದಲ್ಲಿ ಆ ಪ್ರಮಾಣ ಶೇ. 44.4. ಅದರ ಹಿಂದಿನ, 2015–16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ಶೇ. 20.6 ಇತ್ತು. ಹಿಂಸೆಯೇ ಇಷ್ಟು ಏರಿತೋ, ಬಾಯಿ ಬಿಟ್ಟು ಹೇಳುವವರು ಹೆಚ್ಚಾದರೋ ಎಂಬ ಚರ್ಚೆ ಇದೆ. ಎರಡೂ ಇರಬಹುದು. ಹೇಗೇ ನೋಡಿದರೂ ತೋಟದ ಕೆಲಸಗಾರರ ಹತ್ತು ಮನೆ ಸಾಲಾಗಿರುವ ಲೈನಿನಲ್ಲಿ ನಾಲ್ಕು ಮನೆಯ ಮಾತು ಇದು.

ಈ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ, ಬೇರೆ ಯಾರೂ ಇಲ್ಲದಾಗ ಕೇಳುತ್ತಾರೆ. ಹಾಗಾಗಿ ಸಮೀಕ್ಷೆಯ ಅಂಕಿ ಪೊಲೀಸ್ ಠಾಣೆಯ ಲೆಕ್ಕಕ್ಕಿಂತ ನಿಜಕ್ಕೆ ಹತ್ತಿರ.

ಕೊಡಗಿನ ಅಂಕಿ ಎಷ್ಟು?

ಈ ಸಮೀಕ್ಷೆಯ ಹಿಂಸೆಯ ಭಾಗ ರಾಜ್ಯಮಟ್ಟದ ಅಂದಾಜಿಗೆಂದು ರೂಪಿಸಿದ್ದು. ಜಿಲ್ಲಾ ವರದಿಗಳಲ್ಲಿ ಆ ಸಾಲು ಇರುವುದಿಲ್ಲ. ಆದ್ದರಿಂದ ‘ಕೊಡಗಿನಲ್ಲಿ ಇಷ್ಟು ಪರ್ಸೆಂಟ್’ ಎಂದು ಈ ಸಮೀಕ್ಷೆಯ ಹೆಸರಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ‘ನಮ್ಮಲ್ಲಿ ಅದೆಲ್ಲ ಇಲ್ಲ’ ಎನ್ನುವವರನ್ನೂ ನಂಬಬೇಡಿ.

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಸಾವಿರ ಗಂಡಸರಿಗೆ 1,019 ಹೆಂಗಸರು. ಕೊಡವರಲ್ಲಿ ವರದಕ್ಷಿಣೆಯ ಸಂಪ್ರದಾಯವಿಲ್ಲ, ಹೆಣ್ಣುಮಕ್ಕಳು ಓದಿದ್ದಾರೆ, ಎದುರು ನಿಂತು ಮಾತಾಡುತ್ತಾರೆ. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ವರದಕ್ಷಿಣೆ ಇಲ್ಲದ ಮನೆಯಲ್ಲಿ ಹೊಡೆತವೂ ಇಲ್ಲ ಎಂಬುದು ತಪ್ಪು ಲೆಕ್ಕ. ಕುಡಿತ, ಅನುಮಾನ, ಹಣದ ಹಿಡಿತ, ಮಕ್ಕಳನ್ನು ಕಿತ್ತುಕೊಳ್ಳುವ ಬೆದರಿಕೆ ಯಾವ ಜಾತಿಯ ಸೊತ್ತೂ ಅಲ್ಲ. ಅದೇ ಸಮೀಕ್ಷೆಯಲ್ಲಿ ಗಂಡ ಪದೇ ಪದೇ ಕುಡಿದು ಬರುವ ಮನೆಗಳಲ್ಲಿ ಸುಮಾರು ಶೇ. 70ರಷ್ಟು ಹೆಂಗಸರು ಹಿಂಸೆ ಹೇಳಿಕೊಂಡರು. ಗಂಡ ಕುಡಿಯದ ಮನೆಗಳಲ್ಲಿ ಅದು ನಾಲ್ಕನೇ ಒಂದು ಭಾಗದ ಆಸುಪಾಸು. ಕುಡಿತ ಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ಕಾಯುವವರು ಈ ಎರಡನೇ ಅಂಕಿಯನ್ನೂ ನೋಡಬೇಕು.

ಇಷ್ಟು ಹಿಂಸೆ ಇದ್ದರೆ ಆಶ್ರಯ ಕೇಂದ್ರಗಳು ತುಂಬಿ ತುಳುಕಬೇಕಲ್ಲ?

ತುಳುಕುವುದಿಲ್ಲ. ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ದೇಶದಲ್ಲಿ ಶೇ. 14 ಮಾತ್ರ. ಶೇ. 77ರಷ್ಟು ಮಂದಿ ಯಾರಿಗೂ ಹೇಳಿಯೇ ಇಲ್ಲ. ಹೇಳಿದವರೂ ಮೊದಲು ಹೋಗುವುದು ತವರಿಗೆ. ಠಾಣೆ, ವಕೀಲ, ಆಶ್ರಯ ಇವೆಲ್ಲ ಪಟ್ಟಿಯ ಕೊನೆಗೆ ಬರುತ್ತವೆ.

ಕೊಡಗಿನಲ್ಲಿ ಇನ್ನೂ ಕೆಲವು ಕಾರಣಗಳಿವೆ. ರೈಲು ಇಲ್ಲ, ಸಂಜೆಯ ನಂತರ ಒಳ ಊರುಗಳಿಗೆ ಬಸ್ಸಿಲ್ಲ. ಊರು ಚಿಕ್ಕದು, ಯಾರು ಯಾರ ಮನೆಯವರು ಎಂಬುದು ಎಲ್ಲರಿಗೂ ಗೊತ್ತು. ತೋಟದ ಕೆಲಸಕ್ಕೆ ಅಸ್ಸಾಂ, ಬಂಗಾಳದಿಂದ ಬಂದವಳಿಗೆ ಕನ್ನಡ ಬಾರದು. ಹಾಡಿಯ (ಬುಡಕಟ್ಟು ಜನರ ಕೇರಿಯ) ಯರವ, ಕುರುಬ ಹೆಂಗಸಿಗೆ ಕಚೇರಿ ಎಂದರೇ ಅಂಜಿಕೆ. ದೊಡ್ಡ ಮನೆಯವಳಿಗೆ ಮರ್ಯಾದೆಯ ಪ್ರಶ್ನೆ. ಎಲ್ಲಕ್ಕಿಂತ ಮುಖ್ಯವಾಗಿ, ಆಶ್ರಯ ಕೇಳಲು ಮೊದಲು ಕೇಸು ಹಾಕಬೇಕು ಎಂಬ ತಪ್ಪು ತಿಳಿವಳಿಕೆ ಎಲ್ಲ ಕಡೆಯೂ ಇದೆ.

ಹಾಗಾದರೆ ಕೇಸು ಹಾಕದೆ ಆಶ್ರಯ ಸಿಗುತ್ತದೆಯೇ?

ಸಿಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 6ನೇ ಕಲಂ ಪ್ರಕಾರ ನೊಂದ ಹೆಂಗಸು, ಅವಳ ಪರವಾಗಿ ಸಂರಕ್ಷಣಾಧಿಕಾರಿ (ಈ ಕಾಯ್ದೆಯಡಿ ನೆರವಿಗಿರುವ ಸರ್ಕಾರಿ ಅಧಿಕಾರಿ) ಅಥವಾ ಸೇವಾ ಸಂಸ್ಥೆ ಕೇಳಿದರೆ ಆಶ್ರಯ ಗೃಹ ಜಾಗ ಕೊಡಲೇಬೇಕು. ನಡೆದ ಹಿಂಸೆಯನ್ನು ದಾಖಲಿಸುವ ಕೌಟುಂಬಿಕ ಘಟನಾ ವರದಿ ಇನ್ನೂ ಆಗಿಲ್ಲ ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ಅವಳು ಬಯಸಿದರೆ ಅವಳು ಅಲ್ಲಿರುವ ಸುದ್ದಿಯನ್ನು ಎದುರು ಕಕ್ಷಿಗೆ ತಿಳಿಸುವಂತೆಯೂ ಇಲ್ಲ.

ಆಧಾರ್ ಇಲ್ಲ, ಮದುವೆ ಪ್ರಮಾಣಪತ್ರ ಇಲ್ಲ, ಗಂಡನ ಮನೆಯ ವಿಳಾಸದ ದಾಖಲೆ ಇಲ್ಲ ಎಂದು ಬಾಗಿಲಲ್ಲಿ ನಿಲ್ಲಿಸಿದರೆ ಅಲ್ಲಿಂದಲೇ 181ಕ್ಕೆ ಕರೆ ಮಾಡಿ. ದಾಖಲೆಗಳನ್ನು ಆಮೇಲೆ ಹೊಂದಿಸಬಹುದು.

ಎಲ್ಲಿಗೆ ಹೋಗಬೇಕು? ಯಾವ ಯಾವ ಬಗೆಯ ಕೇಂದ್ರಗಳಿವೆ?

ಮೊದಲ ನಿಲ್ದಾಣ ಸಖಿ ಒನ್ ಸ್ಟಾಪ್ ಸೆಂಟರ್. ದೇಶದಲ್ಲಿ 2015ರ ಏಪ್ರಿಲ್‌ನಿಂದ ಆರಂಭವಾದ ಈ ಯೋಜನೆಯಲ್ಲಿ ವೈದ್ಯಕೀಯ ನೆರವು, ಪೊಲೀಸ್ ಸಂಪರ್ಕ, ಆಪ್ತಸಮಾಲೋಚನೆ, ಕಾನೂನು ಸಲಹೆ ಒಂದೇ ಸೂರಿನಡಿ ಸಿಗಬೇಕು. ಇಲ್ಲಿ ತಂಗಲು ಸಾಮಾನ್ಯವಾಗಿ ಐದು ದಿನಗಳವರೆಗೆ ಅವಕಾಶ. ಐದು ದಿನ ಕಡಿಮೆ ಅನಿಸಬಹುದು. ಆದರೆ ಗಾಯಕ್ಕೆ ಚಿಕಿತ್ಸೆ, ಘಟನಾ ವರದಿ, ವಕೀಲರ ಭೇಟಿ, ಮುಂದಿನ ಜಾಗದ ಏರ್ಪಾಡು ಇಷ್ಟಕ್ಕೂ ಸಾಕು. ಒಂದೇ ಷರತ್ತು: ಮೊದಲ ದಿನವೇ ‘ಐದು ದಿನದ ನಂತರ ನಾನು ಎಲ್ಲಿಗೆ?’ ಎಂದು ಕೇಳಬೇಕು. ಕೇಳದಿದ್ದರೆ ನಾಲ್ಕನೇ ದಿನ ಗಡಿಬಿಡಿಯಾಗಿ, ಹೋಗಲು ಜಾಗವಿಲ್ಲದೆ, ಬಿಟ್ಟು ಬಂದ ಮನೆಗೇ ವಾಪಸಾಗುವಂತಾಗುತ್ತದೆ.

ಹೆಚ್ಚು ದಿನ ಇರಬೇಕಾದವರಿಗೆ ಶಕ್ತಿ ಸದನ. ಹಿಂದೆ ಸ್ವಾಧಾರ ಗೃಹ, ಉಜ್ವಲಾ ಎಂದು ಬೇರೆ ಬೇರೆ ಇದ್ದವನ್ನು ಮಿಷನ್ ಶಕ್ತಿ ಯೋಜನೆಯಲ್ಲಿ ಈ ಹೆಸರಿನಡಿ ತಂದಿದ್ದಾರೆ. ಇಲ್ಲಿ ತಿಂಗಳುಗಟ್ಟಲೆ ಇರಬಹುದು, ಹೊಲಿಗೆಯಂಥ ತರಬೇತಿಯೂ ಸಿಗುತ್ತದೆ. ಹತ್ತಿರದಲ್ಲಿ ಹಾಸಿಗೆ ಖಾಲಿ ಇಲ್ಲದಿದ್ದರೆ ಮೈಸೂರು, ಮಂಗಳೂರಿನ ಕಡೆಗೆ ಕಳುಹಿಸುತ್ತಾರೆ. ಗಂಡ ಹುಡುಕಿಕೊಂಡು ಬರುವವನಾದರೆ ಜಿಲ್ಲೆಯ ಹೊರಗಿನ ಜಾಗವನ್ನು ನೀವೇ ಕೇಳಿ ಪಡೆಯುವುದು ಒಳ್ಳೆಯದು. ಇನ್ನು ಸಾಂತ್ವನ ಕೇಂದ್ರಗಳು ರಾಜ್ಯ ಸರ್ಕಾರದ ಹಳೆಯ ವ್ಯವಸ್ಥೆ. ಮುಖ್ಯವಾಗಿ ಸಮಾಲೋಚನೆ ಮತ್ತು ತುರ್ತು ನೆರವಿಗೆ.

ಸಖಿ ನಿವಾಸ ಬೇರೆ. ಅದು ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್. ಹೆಸರು ಹತ್ತಿರವಿರುವುದರಿಂದ ಜನ ಅಲ್ಲಿಗೆ ಹೋಗಿ ವಾಪಸಾಗುತ್ತಾರೆ.

ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಹೆಣ್ಣುಮಕ್ಕಳಿಗೆ ತೊಂದರೆಯಿಲ್ಲ. ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ, ಹದಿಹರೆಯದ ಮಗನನ್ನು ಮಹಿಳೆಯರ ಕೇಂದ್ರದಲ್ಲಿ ಇಟ್ಟುಕೊಳ್ಳುವುದಿಲ್ಲ. ಅನೇಕ ತಾಯಂದಿರು ಹೊರಡುವುದನ್ನು ಕೈಬಿಡುವುದು ಈ ಒಂದೇ ಕಾರಣಕ್ಕೆ. ಹೊರಡುವ ಮೊದಲೇ 181ರಲ್ಲಿ ಮಗನ ವಯಸ್ಸು ಹೇಳಿ ಮಿತಿ ಕೇಳಿ. ಸರ್ಕಾರಿ ವಿದ್ಯಾರ್ಥಿನಿಲಯ, ಅಜ್ಜಿಮನೆ, ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಬಾಲಮಂದಿರ, ಇವುಗಳಲ್ಲಿ ಒಂದನ್ನು ಮೊದಲೇ ನೋಡಿಡಬೇಕು. ಕಾಯ್ದೆಯ 21ನೇ ಕಲಂನಲ್ಲಿ ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನೂ ಕೇಳಬಹುದು.

ನಾನೇ ಯಾಕೆ ಮನೆ ಬಿಡಬೇಕು?

ನ್ಯಾಯವಾದ ಪ್ರಶ್ನೆ. ಕಾನೂನೂ ನಿಮ್ಮ ಕಡೆಗೇ ಇದೆ. ಆಶ್ರಯ ಗೃಹ ಹಲವು ದಾರಿಗಳಲ್ಲಿ ಒಂದು ಮಾತ್ರ. 17ನೇ ಕಲಂ ಪ್ರಕಾರ ಮನೆ ಯಾರ ಹೆಸರಲ್ಲಿದ್ದರೂ ಒಟ್ಟಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಗಸಿಗಿದೆ. 19ನೇ ಕಲಂ ಪ್ರಕಾರ ಗಂಡನನ್ನೇ ಮನೆಯಿಂದ ಹೊರಗಿರುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅತ್ತೆ, ನಾದಿನಿಯಂಥ ಹೆಂಗಸರನ್ನು ಹಾಗೆ ಹೊರಗೆ ಕಳುಹಿಸಲು ಬರುವುದಿಲ್ಲ, ಆದರೆ ಅವರ ವಿರುದ್ಧ ಬೇರೆ ಆದೇಶ ಪಡೆಯಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

‘ಮನೆ ಮಾವನ ಹೆಸರಲ್ಲಿದೆ’ ಎಂಬ ಮಾತಿಗೆ 2020ರ ಸತೀಶ್ ಚಂದರ್ ಅಹುಜಾ ತೀರ್ಪು ಉತ್ತರ: ಅತ್ತೆಮಾವನ ಮನೆಯೂ ಕಾಯ್ದೆ ಹೇಳುವ ‘ಹಂಚಿಕೊಂಡ ಮನೆ’ (ಒಟ್ಟಿಗೆ ಬಾಳಿದ ಮನೆ) ಆಗಬಹುದು. ಜಮ್ಮಾ ಜಾಗ (ವಂಶಪಾರಂಪರ್ಯದ ಹಿಡುವಳಿ), ಒಕ್ಕದ (ಕೊಡವ ಮನೆತನದ) ಆಸ್ತಿ, ಐನ್‌ಮನೆ (ಮನೆತನದ ಮೂಲಮನೆ) ಎಂದು ಹೆದರಿಸುವುದೂ ಉಂಟು. ಗಂಡ ಸದಸ್ಯನಾಗಿರುವ ಅವಿಭಕ್ತ ಕುಟುಂಬಕ್ಕೆ ಸೇರಿದ ಮನೆಯನ್ನೂ ಕಾಯ್ದೆಯ ವ್ಯಾಖ್ಯೆ ಒಳಗೊಂಡಿದೆ. ವಾಸದ ಹಕ್ಕು ಬೇರೆ, ಒಡೆತನ ಬೇರೆ. ಈ ಕಾಯ್ದೆಯಲ್ಲಿ ಯಾರೂ ಒಕ್ಕದ ಜಾಗದಲ್ಲಿ ಪಾಲು ಕೇಳುತ್ತಿಲ್ಲ, ಇರಲು ಸೂರು ಕೇಳುತ್ತಿದ್ದಾರೆ ಅಷ್ಟೇ.

ಆದರೆ ಜೀವಕ್ಕೆ ಅಪಾಯವಿದ್ದಾಗ ಹಕ್ಕಿನ ಮಾತನ್ನು ಆಶ್ರಯದ ಒಳಗೆ ಕೂತು ಆಡಿ. ಮನೆ ಬಿಟ್ಟು ಹೋದರೆ ಹಕ್ಕು ಹೋಗುವುದಿಲ್ಲ.

ಲೈನ್ ಮನೆಯಲ್ಲಿರುವವರ ಗತಿ ಏನು?

ಇದು ಕಷ್ಟದ ಪ್ರಶ್ನೆ. ಲೈನ್ ಮನೆ ತೋಟದ ಮಾಲೀಕರದು, ಕೆಲಸ ಇರುವವರೆಗೆ ಇರಬಹುದಾದದ್ದು. ಗಂಡ ಕೆಲಸ ಬಿಟ್ಟರೆ ಸೂರೂ ಹೋಗುತ್ತದೆ. ಇಂಥ ಕಡೆ ‘ಗಂಡನನ್ನು ಹೊರಗೆ ಹಾಕಿ’ ಎನ್ನುವುದಕ್ಕಿಂತ ಬೇರೆ ಬಾಡಿಗೆ ಮನೆಯ ಖರ್ಚು ಕೊಡಿಸಿ ಎಂದು 19ನೇ ಕಲಂನಲ್ಲೇ ಕೇಳುವುದು ಹೆಚ್ಚು ಫಲ ಕೊಡುತ್ತದೆ.

ವಾರದ ಬಟವಾಡೆಯ ದಿನ ಗಮನಿಸಿ: ನವೆಂಬರಿನಿಂದ ಕಾಫಿ ಕೊಯ್ಲು ನಡೆಯುವಾಗ ಇಬ್ಬರೂ ಕೊಯ್ದ ಹಣ್ಣಿನ ತೂಕವನ್ನು ಎಷ್ಟೋ ಕಡೆ ಒಂದೇ ಹೆಸರಿಗೆ ಬರೆಯುತ್ತಾರೆ. ದುಡ್ಡು ಗಂಡನ ಕೈಗೆ, ಅಲ್ಲಿಂದ ನೇರ ಸಂತೆಯ ಬಾರಿಗೆ. ದುಡಿದ ಕೂಲಿಯನ್ನು ಕಿತ್ತುಕೊಳ್ಳುವುದು ಕಾಯ್ದೆಯ 3ನೇ ಕಲಂನಲ್ಲಿ ಆರ್ಥಿಕ ದೌರ್ಜನ್ಯವೇ. ತೋಟದ ಲೆಕ್ಕ ಬರೆಯುವ ರೈಟರ್ ಬಳಿ ನಿಮ್ಮ ಹೆಸರಲ್ಲಿ ಬೇರೆ ತೂಕ ಬರೆಸಿ, ಹಣ ನಿಮ್ಮ ಖಾತೆಗೆ ಹಾಕಿಸಿ. ಗಂಡ ಪಡೆದ ಮುಂಗಡ ತೀರುವವರೆಗೆ ನೀವು ಹೊರಡುವಂತಿಲ್ಲ ಎಂದು ಯಾರಾದರೂ ತಡೆದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ, ತಹಶೀಲ್ದಾರರಿಗೆ ಹೇಳಿ.

ಹೊರಡುವ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು?

ಹೊರಡುವ ಹೊತ್ತು, ಹೊರಟ ನಂತರದ ಕೆಲವು ವಾರ, ಇವೇ ಅತ್ಯಂತ ಅಪಾಯದ ಕಾಲ. ಹಿಡಿತ ತಪ್ಪುತ್ತಿದೆ ಎಂದು ಗೊತ್ತಾದಾಗ ಹಿಂಸೆ ಏರುತ್ತದೆ. ಆದ್ದರಿಂದ ಜಗಳದ ನಡುವೆ ‘ನಾನು ಹೋಗುತ್ತೇನೆ ನೋಡು’ ಎಂದು ಹೇಳಬೇಡಿ. ಹೇಳದೆ ಹೊರಡಿ.

ಕಾಗದಗಳು: ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ ಮತ್ತು ಶಾಲಾ ದಾಖಲೆ, ತಾಯಿ ಕಾರ್ಡ್, ಆಸ್ಪತ್ರೆಯ ಚೀಟಿಗಳು, ಮದುವೆಯ ಒಂದು ಫೋಟೊ. ಮೂಲ ಪ್ರತಿ ತೆಗೆದರೆ ಅನುಮಾನ ಬರುವುದಾದರೆ ಫೋಟೊ ತೆಗೆದು ನಂಬಿಕಸ್ಥರ ಫೋನಿಗೆ ಕಳುಹಿಸಿ, ನಿಮ್ಮ ಫೋನಿನಿಂದ ಅಳಿಸಿ. ಜೊತೆಗೆ ದಿನವೂ ನುಂಗುವ ಮಾತ್ರೆಗಳು, ಎರಡು ಜೊತೆ ಬಟ್ಟೆ, ಸ್ವಲ್ಪ ಚಿಲ್ಲರೆ ಹಣ, ಚಾರ್ಜರ್. ಚೀಲವನ್ನು ಮನೆಯಲ್ಲಿಡಬೇಡಿ. ಅಂಗನವಾಡಿ ಶಿಕ್ಷಕಿ, ಸ್ತ್ರೀಶಕ್ತಿ ಸಂಘದ ಗೆಳತಿಯ ಬಳಿ ಇಡಬಹುದು. ಮಳೆಗಾಲದಲ್ಲಿ ಕಾಗದಗಳಿಗೆ ಎರಡು ಪದರ ಪ್ಲಾಸ್ಟಿಕ್ ಬೇಕು. ಜುಲೈಯ ಮಳೆಯಲ್ಲಿ ನೆನೆದ ಪಾಸ್‌ಬುಕ್ ಓದಲು ಬರುವುದಿಲ್ಲ.

ಫೋನ್ ನಂಬರಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ನಿಮ್ಮ ಖಾತೆಗೇ ಬರುತ್ತಿದ್ದರೂ ಖಾತೆಗೆ ಜೋಡಿಸಿದ ನಂಬರ್ ಗಂಡನದಾಗಿದ್ದರೆ ಓಟಿಪಿ, ಹಣ ತೆಗೆದ ಸಂದೇಶ ಎಲ್ಲ ಅವನಿಗೆ ಹೋಗುತ್ತವೆ. ನೀವು ಮಡಿಕೇರಿಯ ಎಟಿಎಂನಲ್ಲಿದ್ದೀರೋ ಮೈಸೂರಿನಲ್ಲಿದ್ದೀರೋ ಎಂಬುದೂ ತಿಳಿದುಬಿಡುತ್ತದೆ. ಬ್ಯಾಂಕಿನಲ್ಲೂ ಆಧಾರ್‌ನಲ್ಲೂ ನಂಬರ್ ಬದಲಿಸಿ. ಫೋನಿನಲ್ಲಿ ಲೊಕೇಶನ್ ಹಂಚಿಕೆ, ಅವನಿಗೂ ಪಾಸ್‌ವರ್ಡ್ ಗೊತ್ತಿರುವ ಇಮೇಲ್ ಇದ್ದರೆ ಆಫ್ ಮಾಡಿ.

ರಾತ್ರಿ ಹೊರಡಬಹುದೇ?

ಆದಷ್ಟು ಹಗಲು, ಮೊದಲ ಬಸ್ಸಿಗೆ ಹೊರಡಿ. ದಕ್ಷಿಣ ಕೊಡಗಿನ ತೋಟದ ದಾರಿಗಳಲ್ಲಿ ಕತ್ತಲಾದ ಮೇಲೆ ಆನೆಯ ಭಯ ನಿಜವಾದದ್ದು. ಮಕ್ಕಳನ್ನು ಕಟ್ಟಿಕೊಂಡು ನಡೆದು ಹೋಗುವುದು ಬೇಡ. ರಾತ್ರಿಯೇ ಓಡಬೇಕಾಗಿ ಬಂದರೆ ರಸ್ತೆಗಿಂತ ಹತ್ತಿರದ ಮನೆ ಸೇರಿ, ಅಲ್ಲಿಂದ 112 ಒತ್ತಿ, ಪೊಲೀಸ್ ವಾಹನ ಬರಲಿ. ನಿಮ್ಮ ಮನೆಯಲ್ಲಿ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದು ಮೊದಲೇ ಗೊತ್ತಿರಲಿ. ಕರೆಂಟ್ ಹೋದಾಗ ಟವರ್ ಕೂಡ ಸಾಯುವ ಊರುಗಳಲ್ಲಿ ಪಕ್ಕದ ಮನೆಯವರೊಂದಿಗೆ ಒಂದು ಗುರುತು ಒಪ್ಪಿಕೊಳ್ಳಿ: ಹೊರಗಿನ ದೀಪ ಮೂರು ಬಾರಿ ಆರಿಸಿ ಹಚ್ಚುವುದು, ಮಗುವನ್ನು ‘ಸಕ್ಕರೆ ತಾ’ ಎಂದು ಕಳುಹಿಸುವುದು, ಹೀಗೆ.

ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ಉಚಿತ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಖಾಸಗಿ ಬಸ್ಸಿಗೆ ಇದು ಅನ್ವಯಿಸದು, ಕೊಡಗಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸೇ. ಅದಕ್ಕೇ ಚಿಲ್ಲರೆ ಹಣ ಇಟ್ಟುಕೊಳ್ಳಿ ಎಂದದ್ದು.

ಮನೆಯಲ್ಲಿ ಕೋವಿ ಇದೆ. ಏನು ಮಾಡಲಿ?

ಇದನ್ನು ಪ್ರತಿಯೊಬ್ಬ ಅಧಿಕಾರಿಯ ಮುಂದೆಯೂ ಮೊದಲ ಮಾತಾಗಿ ಹೇಳಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಇತರರೂ ಇದ್ದಾರೆ. ಕೈಲ್‌ಪೊಳ್ದ್ ದಿನ ಪೂಜೆಗೊಳ್ಳುವ ಕೋವಿಯನ್ನು ಹೆಂಡತಿಯ ಕಡೆ ತಿರುಗಿಸುವುದಕ್ಕೆ ಯಾವ ವಿನಾಯಿತಿಯೂ ಇಲ್ಲ. ಅದು ಬೆದರಿಕೆಯ ಅಪರಾಧ.

ಅರ್ಜಿಯಲ್ಲಿ ಕೋವಿಯ ಬಗೆ, ಎಲ್ಲಿ ಇಡುತ್ತಾರೆ, ಯಾವ ದಿನ ಹೇಗೆ ಬೆದರಿಸಿದ ಎಂದು ಬರೆಸಿ. ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳುವ ಕೆಲಸವನ್ನು ನ್ಯಾಯಾಲಯ ಸಂರಕ್ಷಣಾಧಿಕಾರಿಗೆ ಒಪ್ಪಿಸಬಹುದು. ಕೋವಿಯನ್ನು ನೀವೇ ಬಚ್ಚಿಡಲು, ತೋಟಾ ಎಸೆಯಲು ಹೋಗಬೇಡಿ. ಅವನಿಗೆ ಗೊತ್ತಾದ ಕ್ಷಣ ಅಪಾಯ ಹೆಚ್ಚುತ್ತದೆ.

ತೋಟದ ಔಷಧಿಯ ಡಬ್ಬಗಳೂ ಇದೇ ಸಾಲಿನವು. ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಈಗಲೇ ಕರೆ ಮಾಡಿ. ಹಗಲು ರಾತ್ರಿ, ಕನ್ನಡದಲ್ಲಿ ಮಾತಾಡುತ್ತಾರೆ.

ಆಸ್ಪತ್ರೆಯಲ್ಲಿ ಏನು ಹೇಳಬೇಕು?

‘ಬಿದ್ದೆ’ ಎನ್ನಬೇಡಿ. ‘ಗಂಡ ದೊಣ್ಣೆಯಿಂದ ಹೊಡೆದ’ ಎಂದು ಹೇಳಿ, ಚೀಟಿಯಲ್ಲಿ ಹಾಗೇ ಬರೆಸಿ, ಮೆಡಿಕೋ ಲೀಗಲ್ ಕೇಸ್ (ಕಾನೂನು ಕ್ರಮಕ್ಕೆ ಬೇಕಾಗುವ ಗಾಯದ ದಾಖಲೆ) ಎಂದು ದಾಖಲಿಸಲು ಕೇಳಿ. ಎರಡು ವರ್ಷದ ನಂತರ ನ್ಯಾಯಾಲಯದಲ್ಲಿ ನಿಲ್ಲುವುದು ಆ ಒಂದು ಸಾಲು. ಮಡಿಕೇರಿಯ ಬೋಧಕ ಆಸ್ಪತ್ರೆಯಾಗಲಿ ತಾಲ್ಲೂಕು ಆಸ್ಪತ್ರೆಯಾಗಲಿ ಘಟನಾ ವರದಿ ತಂದಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಗಂಡ ಜೊತೆಗೇ ಬಂದು ಪಕ್ಕ ನಿಂತಿದ್ದರೆ ‘ಒಳಗಿನ ಪರೀಕ್ಷೆ ಮಾಡಿಸಬೇಕು’ ಎಂದು ನರ್ಸಿಗೆ ಹೇಳಿ, ಅವನನ್ನು ಹೊರಗೆ ಕಳುಹಿಸುತ್ತಾರೆ.

ಕುತ್ತಿಗೆ ಹಿಸುಕಿದ್ದರೆ ಹೊರಗೆ ಗುರುತು ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ದನಿ ಒಡೆಯುವುದು, ನುಂಗಲು ನೋವು, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ, ತಲೆ ಸುತ್ತು ಇವು ಲಕ್ಷಣಗಳು. ದಿನಗಳ ನಂತರವೂ ಪ್ರಾಣಕ್ಕೆ ಕುತ್ತು ಬರಬಹುದು. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲ್ಲುವ ಸಾಧ್ಯತೆ ಹೆಚ್ಚು ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಗಾಯದ ಫೋಟೊವನ್ನು ಅಂದೇ ಒಮ್ಮೆ, ಎರಡು ದಿನದ ನಂತರ ಮತ್ತೊಮ್ಮೆ ತೆಗೆಯಿರಿ. ಕಂದಿದ ಗುರುತು ಆಗಲೇ ಚೆನ್ನಾಗಿ ಕಾಣುವುದು. ಒಂದರಲ್ಲಿ ಮುಖವೂ ಇರಲಿ, ಇನ್ನೊಂದರಲ್ಲಿ ಗಾಯದ ಪಕ್ಕ ಅಳತೆಗೆ ಒಂದು ನಾಣ್ಯ ಇರಲಿ.

ನ್ಯಾಯಾಲಯದ ದಾರಿ ಹೇಗೆ? ಎಷ್ಟು ದಿನ?

ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಕಚೇರಿ. ಅಲ್ಲಿ ಘಟನಾ ವರದಿ ಬರೆಸಿ, ಪ್ರತಿಯನ್ನು ಉಚಿತವಾಗಿ ಪಡೆಯಿರಿ. ದಿನಾಂಕ ನೆನಪಿಲ್ಲದಿದ್ದರೆ ‘ಹುತ್ತರಿಯ ಮರುದಿನ’, ‘ಮಗಳ ಪರೀಕ್ಷೆಯ ವಾರ’ ಎಂದು ಹೇಳಿ. ಊಹಿಸಿದ ದಿನಾಂಕ ಬರೆಸಿದರೆ ಪಾಟೀಸವಾಲಿನಲ್ಲಿ ಅದೇ ಮುಳುವಾಗುತ್ತದೆ.

ನಂತರ 12ನೇ ಕಲಂನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ನೀವು ಈಗ ತಾತ್ಕಾಲಿಕವಾಗಿ ತಂಗಿರುವ ಊರಿನಲ್ಲೂ ಹಾಕಬಹುದು, ಮೈಸೂರಿನ ಆಶ್ರಯದಲ್ಲಿದ್ದರೆ ಮೈಸೂರಿನಲ್ಲೇ. ವರದಿ ಇಲ್ಲದೆಯೂ ಅರ್ಜಿ ನಡೆಯುತ್ತದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ವಿಚಾರಣೆ ಮೂರು ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಎಂಬುದು ಕಾನೂನಿನ ಆಶಯ. ನಿಜದಲ್ಲಿ ತಿಂಗಳುಗಳು, ಕೆಲವೊಮ್ಮೆ ವರ್ಷವೂ ಹಿಡಿಯುತ್ತದೆ. ಹಾಗಾಗಿ 23ನೇ ಕಲಂನ ಮಧ್ಯಂತರ ಆದೇಶವನ್ನು ಅರ್ಜಿಯ ದಿನವೇ ಕೇಳಬೇಕು. ಇದನ್ನು ಬಿಟ್ಟರೆ ಅರ್ಜಿಯ ಅರ್ಧ ಬಲ ಹೋದಂತೆ.

ವಕೀಲರ ಶುಲ್ಕ ಕೊಡಬೇಕಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ದೂರು ಕೊಟ್ಟರೆ ಗಂಡನನ್ನು ಜೈಲಿಗೆ ಹಾಕುತ್ತಾರೆಯೇ?

2005ರ ಕಾಯ್ದೆಯ ಅರ್ಜಿಗೆ ಬಂಧನವಿಲ್ಲ. ರಕ್ಷಣಾ ಆದೇಶ ಮೀರಿದರೆ ಮಾತ್ರ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕ್ರೌರ್ಯದ ದೂರು ಬೇರೆ: ಹಿಂದಿನ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, 2024ರ ಜುಲೈ 1ರಿಂದ. ಮೂರು ವರ್ಷದವರೆಗೆ ಶಿಕ್ಷೆ. ಅದರಲ್ಲೂ ತಕ್ಷಣ ಬಂಧಿಸಲೇಬೇಕೆಂದಿಲ್ಲ, ಸಾಮಾನ್ಯವಾಗಿ ಮೊದಲು ನೋಟಿಸ್ ಹೋಗುತ್ತದೆ. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಜೀರೋ ಎಫ್‌ಐಆರ್ ದಾಖಲಿಸಬೇಕು.

ಹಿರಿಯರು ರಾಜಿ ಮಾಡಿಸುತ್ತೇವೆ ಎನ್ನುತ್ತಿದ್ದಾರೆ.

ಮಾತುಕತೆಗೆ ಕೂರುವುದು ನಿಮ್ಮಿಷ್ಟ. ಆದರೆ ಹೊಡೆತದ ವಿಷಯದಲ್ಲಿ ರಾಜಿ ಎಂದರೆ ಬಹುಪಾಲು ‘ಇಬ್ಬರೂ ಸ್ವಲ್ಪ ತಗ್ಗಿ’ ಎಂಬಲ್ಲಿಗೆ ಮುಗಿಯುತ್ತದೆ. ಹೊಡೆದವನೂ ಹೊಡೆಸಿಕೊಂಡವಳೂ ಸಮವಾಗಿ ತಗ್ಗುವುದು ನ್ಯಾಯವಲ್ಲ. ಬಿಳಿ ಹಾಳೆಗೆ, ಅರ್ಧ ತುಂಬಿದ ಛಾಪಾಕಾಗದಕ್ಕೆ ಸಹಿ ಹಾಕಬೇಡಿ. ಮಾತುಕತೆ ನಡೆದರೂ ಅರ್ಜಿಯನ್ನು ಹಿಂದಕ್ಕೆ ತೆಗೆಯಬೇಡಿ.

ಆಶ್ರಯದಿಂದ ಮತ್ತೆ ಮನೆಗೆ ಹೋದರೆ, ಮುಂದೆ ಬಾಗಿಲು ಮುಚ್ಚಿಬಿಡುತ್ತಾರೆಯೇ?

ಇಲ್ಲ. ಹೋಗಿ ಬರುವುದು ಸಾಮಾನ್ಯ, ಅದಕ್ಕೆ ನಾಚಬೇಕಿಲ್ಲ. ಹಿಂದಿರುಗುವ ಮೊದಲು ರಕ್ಷಣಾ ಆದೇಶದ ಪ್ರತಿ ಠಾಣೆಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಚೀಲವನ್ನು ಮತ್ತೆ ಅದೇ ಹೊರಗಿನ ಜಾಗದಲ್ಲಿ ಸಿದ್ಧವಾಗಿಡಿ.

ನಾನು ಪಕ್ಕದ ಮನೆಯವಳು. ನನ್ನಿಂದ ಏನಾಗುತ್ತದೆ?

2005ರ ಕಾಯ್ದೆಯ 4ನೇ ಕಲಂ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬೀಳುವುದಿಲ್ಲ. ಕೂಗು ಕೇಳಿದರೆ ಒಬ್ಬರೇ ಒಳನುಗ್ಗಬೇಡಿ. ಮೂರ್ನಾಲ್ಕು ಜನ ಸೇರಿ ಬಾಗಿಲು ತಟ್ಟಿ, ಗ್ಯಾಸ್ ಕೇಳಲು ಬಂದೆವು ಎಂದರೂ ಸಾಕು, ಹೊಡೆಯುವ ಕೈ ನಿಲ್ಲುತ್ತದೆ. ದಿನಾಂಕ, ಸಮಯ, ಕೇಳಿಸಿದ ಮಾತು ಬರೆದಿಡಿ. ಮರುದಿನ ಅವಳು ಒಬ್ಬಳೇ ಸಿಕ್ಕಾಗ ‘ಯಾಕೆ ಸಹಿಸ್ತಿ?’ ಎಂದು ಕೇಳಬೇಡಿ. ಅವಳ ಚೀಲ ಇಟ್ಟುಕೊಳ್ಳಲು ನಿಮ್ಮ ಮನೆಯಲ್ಲಿ ಜಾಗವಿದೆ ಎಂದು ಹೇಳಿ.